ಕರೆದು ನಿಂತ ಹನ್ನೊಂದು ಸೆಕೆಂಡು

ನನ್ನ ತಮ್ಮ ದೌಲತರಾಯ ಓಡಿಸುತ್ತಿದ್ದ ವಿಮಾನ ಇಳಿಯುವಾಗ ರನ್‌ವೇ ದಾಟಿ ಹೋಗಿ ಗಟಾರದಲ್ಲಿ ಮೂಗು ಊರಿತು ಎಂಬ ಸುದ್ದಿ ಆಳಂದಕ್ಕೆ ಬಂದಾಗ ಊರವರು ಮೊದಲು ಕೇಳಿದ್ದು, ಸತ್ತವರೆಷ್ಟು ಎಂದು. ಯಾರೂ ಸತ್ತಿಲ್ಲ ಎಂದು ಗೊತ್ತಾದ ಮೇಲೆ ನಗಲು ಶುರು ಮಾಡಿದರು. "ಮಾಲಿಪಾಟೀಲರ ಮಗ ವಿಮಾನಾನೂ ಹೊಲಕ್ಕ ಹೊಡಕೊಂಡು ಹೋದ ನೋಡ್ರಿ, ಒಕ್ಕಲುತನದ ರಕ್ತ ಎಲ್ಲಿ ಹೋಗ್ತದ," ಎಂದು ಬಸ್‌ಸ್ಟ್ಯಾಂಡಿನ ಚಹದಂಗಡಿಯಲ್ಲಿ ಯಾರೋ ಅಂದದ್ದು ಸಂಜೆಯೊಳಗೆ ನಮ್ಮ ಪಡಸಾಲೆಗೂ ಬಂದು ತಲುಪಿತು. ಊರ ಬಾಯಿಗೆ ಮುಚ್ಚಳ ಹಾಕುವವರು ಯಾರು?

ಓಡಿಸುತ್ತಿದ್ದ ಎಂದೆ, ಅದು ಪೂರ್ತಿ ಸರಿಯಲ್ಲ. ಅವನು ಕೋ-ಪೈಲಟ್. ಎಡಗಡೆ ಸೀಟಿನಲ್ಲಿ ಕೂತು ಓಡಿಸುತ್ತಿದ್ದವರು ಕ್ಯಾಪ್ಟನ್ ಸಬ್ನಿಸ ಎಂಬ ಪುಣೆಯ ಕಡೆಯ ಹಿರಿಯರು, ನಿವೃತ್ತಿಗೆ ಆರು ತಿಂಗಳು ಉಳಿದವರು. ೧೯೮೩ರ ಜೂನ್ ತಿಂಗಳು. ಸಮುದ್ರದ ದಂಡೆಯ ಆ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ, ಊರಿನದೇನೂ ತಪ್ಪಿರಲಿಲ್ಲ. ಒಂಬತ್ತು ಜನರಿಗೆ ಪೆಟ್ಟಾಯಿತು. ಏರ್‌ಹೋಸ್ಟೆಸ್ ಹುಡುಗಿಯೊಬ್ಬಳ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಆಳಂದದಲ್ಲಿ ನಕ್ಕವರಿಗೆ ಇದು ಗೊತ್ತಿರಲಿಲ್ಲ.

ನಾನು ಶಾರದಾಬಾಯಿ. ಜೇವರ್ಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ದೌಲತನಿಗಿಂತ ಹತ್ತು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ಅವನಿಗೆ ಮೂರು ವರ್ಷ. ಅನ್ನ ಕಲಸಿ ತಿನ್ನಿಸಿದವಳೂ ನಾನೇ, ಬೆನ್ನಿಗೆ ಎರಡು ಬಿಟ್ಟು ಮಗ್ಗಿ ಕಲಿಸಿದವಳೂ ನಾನೇ. ನನಗೆ ಸಿಟ್ಟು ಮೂಗಿನ ತುದಿಯಲ್ಲಿದೆ ಎಂದು ನನ್ನ ಹೆಡ್‌ಮಾಸ್ತರರೂ ಹೇಳುತ್ತಾರೆ, ನನ್ನ ಯಜಮಾನರೂ ಹೇಳುತ್ತಾರೆ. ಇಬ್ಬರೂ ದೂರ ನಿಂತು ಹೇಳುತ್ತಾರೆ.

ಆಗಸ್ಟ್ ಮೊದಲ ವಾರದಲ್ಲಿ ಅಪ್ಪಾರಿಂದ ತಂತಿ ಬಂತು: ದೌಲತ್ ಬಂದಿದ್ದಾನೆ, ಕೂಡಲೇ ಬಾ. ನಮ್ಮ ಅಪ್ಪ ಬಸವಂತರಾಯ ಮಾಲಿಪಾಟೀಲರು ಹಾಗೆಲ್ಲ ಯಾರನ್ನೂ ಕರೆಯುವವರಲ್ಲ. ಭೂಸನೂರ ಕಡೆ ಕಬ್ಬಿನ ಹೊಲ, ಆಳಂದದಲ್ಲಿ ಹನ್ನೆರಡು ಅಂಕಣದ ಮನೆ, ಊರ ಪಂಚಾಯ್ತಿಗೆ ಅವರ ಮಾತೇ ಕಡೆಯ ಮಾತು. ನಾನು ರಜೆ ಬರೆದುಕೊಟ್ಟು ಬಸ್ಸು ಹತ್ತಿದೆ.

ಮನೆಗೆ ಬಂದು ನೋಡಿದರೆ ಹುಡುಗ ಕೂಡುತ್ತಿರಲಿಲ್ಲ. ಕೂತರೆ ಏಳುತ್ತಿದ್ದ, ಎದ್ದರೆ ಹಿತ್ತಲ ಬಾಗಿಲಿಂದ ತಲೆಬಾಗಿಲಿಗೆ, ತಲೆಬಾಗಿಲಿಂದ ಹಿತ್ತಲಿಗೆ. ಊಟಕ್ಕೆ ಕರೆದರೆ ಬಂದು ರೊಟ್ಟಿ ಮುರಿದು, ಮುರಿದದ್ದನ್ನು ಮತ್ತೆ ಮುರಿದು, ಕೈ ತೊಳೆದು ಎದ್ದುಬಿಡುತ್ತಿದ್ದ. ಮನೆಗೆಲಸದ ಚಂದಮ್ಮ ನನ್ನನ್ನು ನೋಡಿದ್ದೇ ತಡ ಸೆರಗು ಬಾಯಿಗಿಟ್ಟುಕೊಂಡಳು. "ಬಾಯಾರ, ಏಳು ದಿನ ಆತ್ರಿ. ನಡದು ನಡದು ಅಂಗಳದಾಗ ದಾರಿ ಬಿದ್ದದ. ಬಾಯಾಗ ಏನೋ ಎಣಸ್ತಾರ. ಹನ್ನೊಂದಕ್ಕ ನಿಂದ್ರತಾರ, ಮತ್ತ ಒಂದರಿಂದ ಸುರು."

"ಹನ್ನೊಂದಕ್ಕೇ ಯಾಕ?"

"ನನಗೇನ್ ಗೊತ್ತರಿ? ನನಗ ಬರೋದೇ ಹತ್ತರ ತನಕ."

ಮುಂಬಯಿಯಲ್ಲಿ ತನಿಖೆ ನಡೆದಿತ್ತು. ನಿವೃತ್ತ ನ್ಯಾಯಮೂರ್ತಿಯೊಬ್ಬರು ಅದರ ಮುಖ್ಯಸ್ಥರು. ಜುಲೈಯಲ್ಲಿ ದೌಲತನನ್ನು ಕರೆದು ಒಂದು ಪ್ರಶ್ನೆ ಕೇಳಿದ್ದರು, ಅದಕ್ಕೆ ಇವನು "ನೆನಪಿಲ್ಲ" ಎಂದು ಬಂದಿದ್ದ. ಆಗಸ್ಟ್ ಇಪ್ಪತ್ತಾರಕ್ಕೆ ಮತ್ತೆ ಕರೆದಿದ್ದರು. ಇಷ್ಟನ್ನು ಅವನ ಬಾಯಿಂದ ಹೊರಡಿಸಲು ನನಗೆ ಎರಡು ದಿನ ಬೇಕಾಯಿತು. ಮೂರನೆಯ ದಿನ ನನ್ನ ಸಹನೆ ಮುಗಿಯಿತು. ಸೀಮೆಸುಣ್ಣ ತಂದು ಪಡಸಾಲೆಯ ಶಹಾಬಾದ ಕಲ್ಲಿನ ಮೇಲೆ ಉದ್ದಕ್ಕೊಂದು ಗೆರೆ ಎಳೆದೆ.

"ಇದು ನಿನ್ನ ರನ್‌ವೇ. ಎಷ್ಟು ಉದ್ದ ಹೇಳಲೇ."

ಅವನು ಗೆರೆಯನ್ನು ನೋಡಿದ. ಕಡೆಗೆ ನನ್ನ ಎದುರಿಗೆ ಕೂತ. "ಆರು ಸಾವಿರ ಫೂಟು."

ನಾನು ಕೇಳುತ್ತ ಹೋದೆ, ಅವನು ಹೇಳುತ್ತ ಹೋದ. ಲೆಕ್ಕದ ಪ್ರಶ್ನೆಗಳಿಗೆ ಉತ್ತರ ಕೊಡುವುದು ಅವನಿಗೆ ಸುಲಭವಾಗಿತ್ತು. ಸಮುದ್ರದ ಕಡೆಯಿಂದ ಮಳೆ ಗೋಡೆಯ ಹಾಗೆ ಬರುತ್ತಿತ್ತು, ಅದು ರನ್‌ವೇಗೆ ಬರುವ ಮೊದಲೇ ಇಳಿದುಬಿಡೋಣ ಎಂದು ಕ್ಯಾಪ್ಟನ್ನರು ಅವಸರ ಮಾಡಿದರು. ಗಾಳಿ ಹಿಂದಿನಿಂದ ನೂಕುತ್ತಿತ್ತು, ಟವರಿನವರು ಅದನ್ನು ಹೇಳಿಯೂ ಇದ್ದರು. ಇರಬೇಕಾದ್ದಕ್ಕಿಂತ ವಿಮಾನ ಮೇಲಿತ್ತು. ಇರಬೇಕಾದ್ದಕ್ಕಿಂತ ಇಪ್ಪತ್ತು ನಾಟ್, ಅಂದರೆ ಗಂಟೆಗೆ ಮೂವತ್ತೇಳು ಕಿಲೋಮೀಟರು, ಜೋರಿತ್ತು. ಸಾವಿರ ಫೂಟಿನ ಹತ್ತಿರ ನೆಲ ಮುಟ್ಟಬೇಕಾದದ್ದು ತೇಲಿ ತೇಲಿ ಮೂರೂವರೆ ಸಾವಿರದ ಹತ್ತಿರ ಮುಟ್ಟಿತು. ಅಲ್ಲಿ ನೀರು ನಿಂತಿತ್ತು. ಗಾಲಿ ನೆಲಕ್ಕೆ ಹತ್ತದೆ ನೀರಿನ ಮೇಲೇ ಜಾರಿದವು, ಬ್ರೇಕು ಒತ್ತಿದರೆ ಒತ್ತಿದ ಹಾಗೇ ಆಗಲಿಲ್ಲ. ಮಳೆಗಾಲದಲ್ಲಿ ಎರಿ ಭೂಮಿಯ ಕರಿ ಮಣ್ಣಿನ ಇಳಿಜಾರಿನಲ್ಲಿ ಕಬ್ಬು ತುಂಬಿದ ಟ್ರಾಲಿ ಜಾರುವುದನ್ನು ನಾವಿಬ್ಬರೂ ಸಣ್ಣವರಿದ್ದಾಗ ನೋಡಿದ್ದೆವು. ಬೇರೆ ವಿವರಣೆ ನನಗೆ ಬೇಕಾಗಲಿಲ್ಲ.

ಗೆರೆಯ ಮೇಲೆ ಒಂದೊಂದನ್ನೇ ಗುರುತು ಹಾಕಿದೆ. ಗಾಳಿ, ಎತ್ತರ, ವೇಗ, ನೀರು. ಯಾವುದಾದರೂ ಒಂದು ಇಲ್ಲದಿದ್ದರೆ ವಿಮಾನ ಗೆರೆಯ ಒಳಗೇ ನಿಲ್ಲುತ್ತಿತ್ತು. ನಾಲ್ಕೂ ಒಟ್ಟಿಗೆ ಬಂದು ಕೂತಿದ್ದವು.

"ಮತ್ತ ಅಂಥಾದ್ರಾಗ ಇಳಿಸಬೇಕಂತ ಏನು ಜುಲುಮಿ ಇತ್ತೇನು? ಬಿಟ್ಟು ಮ್ಯಾಲೆ ಹೋಗಾಕ ಬರ್ತಿದ್ದಿಲ್ಲ?"

"ಬರ್ತಿತ್ತಕ್ಕಾ. ಗೋ ಅರೌಂಡ್ ಅಂತಾರ. ಇಂಜಿನ್ ಜೋರು ಮಾಡಿ ಎತ್ತಿಬಿಡೋದು, ಒಂದು ಸುತ್ತು ಹಾಕಿ ಮತ್ತ ಬರೋದು. ನೆಲಾ ಮುಟ್ಟೋ ತನಕ ಎತ್ತಾಕ ಬರ್ತಿತ್ತು."

"ಅದು ನಿನಗ ಹೊಳೀಲಿಲ್ಲ?"

ಅವನು ಎದ್ದು ಬಾಗಿಲ ತನಕ ಹೋಗಿ ವಾಪಸ್ಸು ಬಂದ. ನನ್ನ ಮುಖ ನೋಡದೆ ಹೇಳಿದ: "ಹೊಳದಿತ್ತು."

ವಿಮಾನದಲ್ಲಿ ಇಬ್ಬರ ಮಾತನ್ನೂ ಹಿಡಿದಿಡುವ ಒಂದು ಟೇಪು ಇರುತ್ತದಂತೆ. ಅದನ್ನು ತನಿಖೆಯಲ್ಲಿ ಕೇಳಿಸಿದ್ದರು. ಅದರಲ್ಲಿ ದೌಲತನ ದನಿ "ಸರ್..." ಎಂದು ಒಂದೇ ಒಂದು ಸಲ ಬರುತ್ತದೆ. ಆಮೇಲೆ ಹನ್ನೊಂದು ಸೆಕೆಂಡು ಮಳೆಯ ಸಪ್ಪಳ, ಇಂಜಿನ್ನಿನ ಸಪ್ಪಳ. ಆಮೇಲೆ ಗಾಲಿ ನೀರಿಗೆ ಬಿದ್ದ ಸಪ್ಪಳ. "ಸರ್ ಎಂದ ಮೇಲೆ ಏನು ಹೇಳಬೇಕೆಂದಿದ್ದಿರಿ?" ನ್ಯಾಯಮೂರ್ತಿಗಳ ಪ್ರಶ್ನೆ ಅದೊಂದೇ ಆಗಿತ್ತು. ವೇಗವನ್ನು ಬರೆದಿಡುವ ಯಂತ್ರದ ಗೆರೆ ಮಸುಕಾಗಿತ್ತು, ಅದರ ಮೇಲೆ ವಕೀಲರು ಎರಡೂ ಕಡೆ ಜಗ್ಗಾಡುತ್ತಿದ್ದರು. ಹಾಗಾಗಿ ಒಳಗಿದ್ದ ಇಬ್ಬರಲ್ಲಿ ಒಬ್ಬ ಏನು ಕಂಡಿದ್ದ ಎಂಬುದು ಬೇಕಾಗಿತ್ತು. ಗೋ ಅರೌಂಡ್ ಎನ್ನಬೇಕೆಂದಿದ್ದೆ ಎಂದರೆ ಸಬ್ನಿಸರ ತಪ್ಪು ಖಾತ್ರಿ, ಗೊತ್ತಿದ್ದೂ ಬಾಯಿ ಮುಚ್ಚಿದ ಇವನದೂ ಖಾತ್ರಿ. ಏನೂ ಇಲ್ಲ, ಎಲ್ಲ ಸರಿಯಾಗೇ ಇತ್ತು ಎಂದರೆ ತಪ್ಪೆಲ್ಲ ಮಳೆಯದು, ನಿಂತ ನೀರಿನದು. ರನ್‌ವೇಯ ನೀರು ನೋಡಿಕೊಳ್ಳುವ ಇನ್‌ಸ್ಪೆಕ್ಟರ್ ಒಬ್ಬನನ್ನು ಆಗಲೇ ಸಸ್ಪೆಂಡ್ ಮಾಡಿದ್ದರು.

"ಸರ್ ಅಂದಿ. ಮುಂದಿಂದು ಯಾಕ ಅನಲಿಲ್ಲ? ನಾಲಗಿ ಬಿದ್ದುಹೋಗಿತ್ತೇನು?" ಎಂದು ನಾನು ರೇಗಿದೆ.

ಅವನು ಬಹಳ ಸಹಜವಾಗಿ, ಮಗ್ಗಿ ಒಪ್ಪಿಸುವ ಹಾಗೆ ಹೇಳಿದ: "ಅವರು ಏನು ಅಂತ ಕೇಳಲಿಲ್ಲಲ್ಲಕ್ಕಾ."

ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲೇ ನಿಂತಿತು.

ನಮ್ಮ ಮನೆಯ ಪದ್ಧತಿಯನ್ನು ಇಲ್ಲಿ ಹೇಳಬೇಕು. ಅಪ್ಪಾರ ಎದುರಿಗೆ ಹೋಗಿ ನೇರ ಮಾತಾಡುವ ಹಾಗಿರಲಿಲ್ಲ. ಅವರು ಪೇಪರು ಓದುತ್ತಿರಲಿ, ಅಡಿಕೆ ಕತ್ತರಿಸುತ್ತಿರಲಿ, ಮೂರು ಹೆಜ್ಜೆ ದೂರ ನಿಂತು "ಅಪ್ಪಾರ..." ಎನ್ನಬೇಕು. ಎಂದು ನಿಲ್ಲಬೇಕು. ಅವರು ತಲೆ ಎತ್ತಿ "ಏನು?" ಎಂದರೆ ಹೇಳಬಹುದು. ಎನ್ನದಿದ್ದರೆ ಅದು ಹೇಳುವ ಹೊತ್ತಲ್ಲ, ಬಂದ ದಾರಿ ಹಿಡಿದು ಹೋಗಬೇಕು. ಮುತ್ಯಾನ ಕಾಲದಿಂದ ಹೀಗೇ. ಹಾಗೆ ಕರೆದು ನಿಲ್ಲುವುದೇ ಮರ್ಯಾದೆ. ಮನೆಗೆ ಬಂದ ಸೊಸೆಯಂದಿರೂ ಕಲಿತರು, ಆಳುಗಳೂ ಕಲಿತರು. ದೌಲತ್ ನಾಲ್ಕು ವರ್ಷದವನಿದ್ದಾಗ ಓಡಿಹೋಗಿ ಅಪ್ಪಾರ ತೊಡೆ ಹಿಡಿದು "ಎಮ್ಮಿ ಕರು ಹಾಕ್ತು" ಎಂದು ಕೂಗಿಬಿಟ್ಟಿದ್ದ. ಅಪ್ಪಾರು ಅವನಿಗೇನೂ ಅನ್ನಲಿಲ್ಲ, ನನ್ನ ಕಡೆ ಒಮ್ಮೆ ನೋಡಿದರು. ನನಗಾಗ ಹದಿನಾಲ್ಕು. ಅವನನ್ನು ಒಳಗೆ ಎಳೆದುಕೊಂಡು ಹೋಗಿ ತೋಳಿಗೆ ಚಿವುಟಿ ಚಿವುಟಿ ಕಲಿಸಿದೆ. "ಕರಿ. ನಿಂದ್ರು. ಕೇಳಿದ ಮ್ಯಾಲೆ ಹೇಳು. ಮಾತು ಆಡಿದರ ಹೋತು, ಮುತ್ತು ಒಡದರ ಹೋತು, ಗೊತ್ತಾತಿಲ್ಲೋ?" ಎಂಟು ದಿನದಲ್ಲಿ ಕಲಿತ. ಜಾಣ ಹುಡುಗ ಎಂದು ಬಂದವರೆಲ್ಲ ಹೊಗಳಿದರು, ನಾನು ಉಬ್ಬಿದೆ.

ಪುಣೆಯ ಸಬ್ನಿಸರಿಗೆ ಇದು ಹೇಗೆ ಗೊತ್ತಿರಬೇಕು? ಅವರ ಪಕ್ಕದಲ್ಲಿ ಕೂತವನು "ಸರ್" ಎಂದ. ಎಂದು, ಅವರು "ಏನು?" ಎನ್ನಲಿ ಎಂದು ಕಾಯುತ್ತ ಕೂತ. ನೂರೈವತ್ತು ನಾಟ್ ವೇಗದಲ್ಲಿ ಕಾಯುತ್ತ ಕೂತ.

ನಾನು ಲೆಕ್ಕ ಹಾಕದೆ ಇರಲಾರದವಳು. ಹನ್ನೊಂದು ಸೆಕೆಂಡಿಗೆ ಎರಡು ಸಾವಿರದ ಎಂಟುನೂರು ಫೂಟು, ಹೆಚ್ಚುಕಡಿಮೆ. ಮರುದಿನ ಬೆಳಿಗ್ಗೆ ನಮ್ಮ ಮನೆಯ ಹೊಸ್ತಿಲಿಂದ ದರ್ಗಾದ ಕಡೆ ಹೆಜ್ಜೆ ಎಣಿಸುತ್ತ ನಡೆದೆ. ಕಮಾನಿನ ಹತ್ತಿರಕ್ಕೆ ಮುಗಿಯಿತು. ಅಷ್ಟು ದೂರ ನಡೆಯಲು ನನಗೆ ಹತ್ತು ನಿಮಿಷ ಹಿಡಿಯಿತು. ಕಮಾನಿನ ಕೆಳಗೆ ಹೂ ಮಾರುವ ಮಲಂಗಸಾಬ "ಏನ್ ಬಾಯಿ, ಇಷ್ಟ ಮುಂಜಾನಿ?" ಎಂದು ಕೇಳಿದ. ಉತ್ತರ ಕೊಡದೆ ಬಂದದ್ದಕ್ಕೆ ಅವನಿಗೆ ಬೇಜಾರಾಗಿರಬೇಕು.

ಆ ದಿನ ಊಟದ ಹೊತ್ತಿಗೆ ಅಪ್ಪಾರೇ ಮಾತು ತೆಗೆದರು. ಅವರಿಗೂ ನಿದ್ದೆ ಇರಲಿಲ್ಲ ಎಂದು ಕಣ್ಣು ಹೇಳುತ್ತಿತ್ತು. "ದೌಲತ್, ಹಿರಿಯಾರ ಮ್ಯಾಲೆ ಬಟ್ಟು ಮಾಡಿ ತೋರಸಬ್ಯಾಡ. ಆ ಮನಷ್ಯಾ ನಿನಗ ಕೆಲಸಾ ಕಲಿಸ್ಯಾನ. ಮಳಿ ಬಂದಿತ್ತು, ನೀರು ನಿಂತಿತ್ತು. ಅಷ್ಟ ಹೇಳಿ ಬಾ. ಅವನೂ ಉಳೀತಾನ, ನೀನೂ ಉಳೀತಿ."

"ಹೂನ್ರಿ," ಎಂದ ದೌಲತ್. ರೊಟ್ಟಿಯನ್ನು ಇನ್ನೂ ಸಣ್ಣಗೆ ಮುರಿದ.

ನನಗೆ ಮೈಯೆಲ್ಲ ಉರಿಯಿತು. ಆದರೆ ನಾನೂ ಅದೇ ಮನೆಯ ಮಗಳು, ಅಪ್ಪಾರು ನನ್ನನ್ನು ಏನೂ ಕೇಳಿರಲಿಲ್ಲ.

ಎರಡು ದಿನದ ಮೇಲೆ ಸಬ್ನಿಸರ ಕಾಗದ ಬಂತು. ಅವರದು ದತ್ತನ ಭಕ್ತರ ಮನೆತನವಂತೆ. ಬರುವ ಗುರುವಾರ ಗಾಣಗಾಪುರಕ್ಕೆ ದರ್ಶನಕ್ಕೆ ಬರುತ್ತೇನೆ, ನಿನ್ನ ಊರಿಗೆ ಹತ್ತಿರವಲ್ಲವೇ, ಬಂದು ಒಮ್ಮೆ ಕಾಣು ಎಂದು ಬರೆದಿದ್ದರು. ದೌಲತ್ ಆ ಕಾಗದವನ್ನು ಎಷ್ಟು ಸಲ ಮಡಿಸಿದನೆಂದರೆ ಮಡಿಕೆಯಲ್ಲಿ ಅದು ಹರಿದು ನಾಲ್ಕಾಯಿತು. ನಾನೂ ಬರುತ್ತೇನೆ ಎಂದೆ. ಬೇಡ ಎನ್ನುವ ಶಕ್ತಿ ಅವನಲ್ಲಿರಲಿಲ್ಲ.

ಗುರುವಾರ ಚೌಡಾಪುರದಲ್ಲಿ ಬಸ್ಸು ಬದಲಿಸಿ ಗಾಣಗಾಪುರ ಮುಟ್ಟಿದಾಗ ಹನ್ನೊಂದೂವರೆ. ಬಸ್ಸಿನಲ್ಲಿ ಅವನು ಸೀಟು ಇದ್ದರೂ ನಿಂತೇ ಬಂದ. ನಾನು ಡಬ್ಬಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡಿದ್ದೆ. ನಾವು ಎದೆಯ ಮೇಲೆ ಲಿಂಗ ಕಟ್ಟಿಕೊಂಡವರು, ದತ್ತನ ಗುಡಿ ನಮ್ಮದಲ್ಲ. ಆದರೂ ಸುತ್ತಲಿನ ಊರವರಿಗೆ ಅಲ್ಲಿಯ ಮಧುಕರಿ ಗೊತ್ತಿಲ್ಲದಿರುವುದಿಲ್ಲ. ನಡುಮಧ್ಯಾಹ್ನ ದತ್ತ ಯಾವುದಾದರೂ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆ ಎಂದು ನಂಬಿಕೆ. ಆ ಹೊತ್ತಿಗೆ ಸಾಹುಕಾರನೂ ಜೋಳಿಗೆ ಹಿಡಿಯುತ್ತಾನೆ, ಐದು ಮನೆ ಬೇಡುತ್ತಾನೆ. ಬೇಡಿದವರನ್ನು ಬರಿಗೈಯಲ್ಲಿ ಕಳಿಸುವ ಹಾಗಿಲ್ಲ. ಯಾರಿಗೆ ಗೊತ್ತು, ಅವನೇ ಇರಬಹುದು.

ಗುಡಿಯ ಓಣಿಯಲ್ಲಿ ಒಂದು ಲಾಡ್ಜಿನ ಕಟ್ಟೆಯ ಹತ್ತಿರ ನಿಂತೆವು. ಓಣಿಯ ತುಂಬ ಜೋಳಿಗೆಗಳು. ಆ ಗದ್ದಲದಲ್ಲಿ ಒಬ್ಬ ತೆಳ್ಳಗಿನ ಉದ್ದ ಮನುಷ್ಯ ನಮ್ಮ ಕಡೆ ಬಂದರು. ಒದ್ದೆ ಧೋತರ, ಬರಿ ಮೈಮೇಲೆ ಒಂದು ಶಲ್ಯ, ಹೆಗಲಿಗೆ ಕಾವಿ ಜೋಳಿಗೆ. ದೌಲತ್ ನನ್ನ ಪಕ್ಕದಲ್ಲಿ ನೆಟ್ಟಗಾದದ್ದನ್ನು ನೋಡಿ ಇವರೇ ಎಂದು ತಿಳಿಯಿತು. ಅವರು ಮೊದಲು ನನ್ನ ಮುಂದೆ ನಿಂತು "ಭವತಿ ಭಿಕ್ಷಾಂ ದೇಹಿ" ಎಂದರು. ರೊಟ್ಟಿ ಹಾಕಿದೆ. ಕ್ಯಾಪ್ಟನ್ ಎಂದರೆ ನಾನು ಮೀಸೆ ತಿರುವುವ ಗಂಡಸನ್ನು ನೆನೆಸಿಕೊಂಡಿದ್ದೆ. ಇವರನ್ನು ನೋಡಿ ನನ್ನ ಸಿಟ್ಟು ಅರ್ಧ ಇಳಿಯಿತು.

ಆಮೇಲೆ ಅವರು ದೌಲತನ ಮುಂದೆ ಜೋಳಿಗೆ ಹಿಡಿದರು. ಮರಾಠಿಯಲ್ಲಿ ಮಾತಾಡಿದರು. ಆಳಂದದವರಿಗೆ ಮರಾಠಿ ಹೊರಗಿನದಲ್ಲ.

"ಬಾಳಾ, ಮಗೂ, ನಾನು ಇಲ್ಲಿ ಬೇಡಲಿಕ್ಕೇ ಬಂದವನು. ಮೂವತ್ತೊಂದು ವರ್ಷ ಹಾರಿದ್ದೇನೆ, ಒಂದು ಗೀಚು ಬಿದ್ದಿಲ್ಲ. ನಿವೃತ್ತಿಗೆ ಆರು ತಿಂಗಳಿತ್ತು. 'ಸರ್, ರನ್‌ವೇ ಕಾಣ್ತಾ ಇದೆ' ಅಂತ ಹೇಳಬೇಕೆಂದಿದ್ದೆ ಅಂತ ಹೇಳು. ಅಷ್ಟೇ. ನಿನಗೂ ಏನೂ ಆಗೋದಿಲ್ಲ. ಈ ಒಂದು ಮಾತು ಹಾಕು ನನ್ನ ಜೋಳಿಗೆಗೆ."

ಇಳಿದಿದ್ದ ಸಿಟ್ಟು ನೆತ್ತಿಗೇರಿತು. ದೇವರ ಹೊತ್ತು, ದೇವರ ಜೋಳಿಗೆ, ಅದರಲ್ಲಿ ಸುಳ್ಳನ್ನು ಬೇಡುವುದೇ? ಇಲ್ಲ ಎನ್ನಲಾಗದ ಜಾಗ ನೋಡಿ, ಇಲ್ಲ ಎನ್ನಲು ಬಾರದ ಹುಡುಗನನ್ನು ಹಿಡಿದಿದ್ದಾರೆ ಎನ್ನಿಸಿತು. ಬಾಯಿಗೆ ಬಂದದ್ದನ್ನು ಅಂದುಬಿಡುತ್ತಿದ್ದೆ. ದೌಲತನ ಮುಖ ನೋಡಿ ಹಲ್ಲು ಕಚ್ಚಿ ಸುಮ್ಮನಾದೆ. ಅವನ ತುಟಿ ಅಲುಗುತ್ತಿತ್ತು. ಸರ್ ಎನ್ನುತ್ತಾನೆ, ಎಂದು ನಿಲ್ಲುತ್ತಾನೆ, ಎಂದುಕೊಂಡೆ.

ಅವನು ನನ್ನ ಡಬ್ಬಿಗೆ ಕೈ ಹಾಕಿ ಎರಡು ರೊಟ್ಟಿ ತೆಗೆದು ಜೋಳಿಗೆಗೆ ಹಾಕಿದ.

"ಇದನ್ನ ಹಾಕ್ತೀನಿ. ಅದನ್ನ ಹಾಕೋದಿಲ್ಲ," ಎಂದ. ಸರ್ ಎನ್ನಲಿಲ್ಲ. ದನಿ ದೊಡ್ಡದಾಗಿಯೇ ಇತ್ತು, ಪಕ್ಕದಲ್ಲಿ ಬೇಡುತ್ತಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು. "ನೀವು ಮೇಲಿದ್ರಿ. ಇಪ್ಪತ್ತು ನಾಟ್ ಜಾಸ್ತಿ ಇತ್ತು. ಗಾಳಿ ಹಿಂದಿತ್ತು. ನಾನು ಮೂರೂ ನೋಡಿದ್ದೆ. ಎತ್ತಬೇಕಾಗಿತ್ತು."

ಸಬ್ನಿಸರಿಗೆ ಸಿಟ್ಟು ಬರುತ್ತದೆಂದು ನಾನು ಕಾದೆ. ಬರಲಿಲ್ಲ. ಜೋಳಿಗೆ ಹೆಗಲಿಂದ ಜಾರುತ್ತಿತ್ತು, ಅದನ್ನು ಸರಿಮಾಡಿಕೊಳ್ಳಲಿಲ್ಲ.

"ಅವತ್ತು ಹೀಗೆ ಹೇಳಿದ್ದರೆ ಎತ್ತುತ್ತಿದ್ದೆನಲ್ಲೋ," ಎಂದರು.

ನನಗೆ ತಡೆಯಲಾಗಲಿಲ್ಲ. "ಖರೇನ ಎತ್ತತಿದ್ರೇನ್ರಿ?"

ಅವರು ನನ್ನ ಕಡೆ ತಿರುಗಿದರು. "ತಾಯಿ, ನಾನೂ ದಿನಾ ಅದನ್ನೇ ಕೇಳಿಕೊಳ್ತೇನೆ. ಗೊತ್ತಿಲ್ಲ. ಸರ್ ಅಂದದ್ದು ಕೇಳಿಸಿತ್ತು. ಹುಡುಗ ಮಳೆಗೆ ಹೆದರಿದ್ದಾನೆ ಅಂದುಕೊಂಡೆ. ಮುಂದೆ ಏನೂ ಅನ್ನಲಿಲ್ಲ, ಹೆದರಿಕೆ ಹೋಯಿತು ಅಂದುಕೊಂಡೆ."

ಆಗ ನಾನು ಅವರಿಗೆ ನಮ್ಮ ಮನೆಯ ಪದ್ಧತಿ ಹೇಳಿದೆ. ಅಂಗಳ, ಅಪ್ಪಾರು, ಮೂರು ಹೆಜ್ಜೆ ದೂರ, ತೋಳಿಗೆ ಚಿವುಟಿದ್ದು, ಎಲ್ಲ. ಕಟ್ಟೆಯ ಮೇಲೆ ಕೂತು ಕೇಳಿದರು. ಕಡೆಗೆ ಎದ್ದು, ಇನ್ನೂ ಮೂರು ಮನೆ ಬೇಡುವುದಿದೆ ಎಂದು ಓಣಿಯೊಳಗೆ ಹೋದರು. ಜನರ ನಡುವೆ ಆ ಉದ್ದ ಬೆನ್ನು ಸುಮಾರು ಹೊತ್ತು ಕಾಣುತ್ತಿತ್ತು. ದೌಲತ್ ಅಲ್ಲೇ ಕಟ್ಟೆಯ ಮೇಲೆ ಕೂತು ಉಳಿದ ರೊಟ್ಟಿಯನ್ನೆಲ್ಲ ತಿಂದ.

ಮನೆಗೆ ಬಂದ ರಾತ್ರಿಯೇ ಅವನು ಅಪ್ಪಾರಿಗೆ ಹೇಳಿದ, ಇದ್ದದ್ದನ್ನೇ ಹೇಳುತ್ತೇನೆ ಎಂದು. ಕರೆಯಲಿಲ್ಲ, ನಿಲ್ಲಲಿಲ್ಲ. ಅಪ್ಪಾರು ಅಡಕತ್ತರಿ ಕೆಳಗಿಟ್ಟು ಒಳಗೆ ಹೋದರು. ನಾವಿಬ್ಬರೂ ಮುಂಬಯಿಗೆ ಹೊರಡುವ ದಿನ ಅವರು ಬಾಗಿಲಿಗೆ ಬರಲಿಲ್ಲ. ಚಂದಮ್ಮ ಮಾತ್ರ ಬುತ್ತಿ ತಂದುಕೊಟ್ಟು, "ಈಗ ಎಣಸೋದು ಬಿಟ್ಟಾರ್ರಿ," ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಕಡೆಗೆ ಏನಾಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಕಾಯಿಸುವುದು ನನಗೆ ಆಗದು. ಸಬ್ನಿಸರನ್ನು ತಪ್ಪುಗಾರರೆಂದು ಬರೆದರು. ದೌಲತನ ಲೈಸೆನ್ಸು ಒಂದು ವರ್ಷ ಹೋಯಿತು, ಆಮೇಲೆ ಮತ್ತೆ ಪರೀಕ್ಷೆ ಕೊಟ್ಟು ಪಡೆದ. ಸಸ್ಪೆಂಡ್ ಆಗಿದ್ದ ಇನ್‌ಸ್ಪೆಕ್ಟರ್ ಕೆಲಸಕ್ಕೆ ಮರಳಿದ. ಆ ಹುಡುಗಿಯ ಕಾಲು ಮಾತ್ರ ಯಾವ ಆರ್ಡರಿನಿಂದಲೂ ಮರಳಲಿಲ್ಲ.

ಆದರೆ ನನಗೆ ಇವತ್ತಿಗೂ ಎದೆಯಲ್ಲಿ ಉಳಿದದ್ದು ಆ ಇಪ್ಪತ್ತಾರನೆಯ ತಾರೀಖು. ರೈಲಿನಲ್ಲಿ ಸೊಲ್ಲಾಪುರದಿಂದ ಮುಂಬಯಿ ತನಕ ನಾನು ಅವನ ಬೆನ್ನು ಹತ್ತಿದ್ದೆ. "ಯಾಕ ಹೇಳಲಿಲ್ಲ ಅಂತ ಕೇಳೇ ಕೇಳತಾರ. ಆವಾಗ ಮನಿ ಪದ್ಧತಿ ಹೇಳು. ನಮ್ಮಕ್ಕ ಚಿವುಟಿ ಚಿವುಟಿ ಕಲಿಸ್ಯಾಳ ಅಂತ ನನ್ನ ಹೆಸರು ತಗದು ಹೇಳು. ನಿನ್ನ ಮ್ಯಾಲೆ ಭಾರ ಕಡಿಮಿ ಆಗ್ತದ." ಅವನು ಕಿಟಕಿಯ ಹೊರಗೆ ನೋಡುತ್ತ "ಆಗಲಿ ಬಿಡಕ್ಕಾ" ಎಂದಿದ್ದ. ಹೂಂ ಎಂದೇ ನಾನು ತಿಳಿದೆ.

ದೊಡ್ಡ ಕೋಣೆ, ಮೇಲೆ ಫ್ಯಾನು, ವಕೀಲರು, ಪೇಪರಿನವರು. ಮೊದಲ ಸಾಲಿನಲ್ಲಿ ಸಬ್ನಿಸರು, ಕೋಟು ಹಾಕಿಕೊಂಡಿದ್ದರು. ಟೇಪು ಮತ್ತೆ ಹಚ್ಚಿದರು. ನನ್ನ ತಮ್ಮನ ದನಿಯಲ್ಲಿ "ಸರ್..." ಎಂದು ಕೇಳಿದಾಗ ನನಗೆ ನಾಲ್ಕು ವರ್ಷದ ಹುಡುಗನೇ ಕಂಡ. ಆಮೇಲೆ ಮಳೆ. ಹನ್ನೊಂದು ಸೆಕೆಂಡು ಎಷ್ಟು ಉದ್ದ ಎನ್ನುವುದು ಹೆಜ್ಜೆ ಎಣಿಸಿದವಳಿಗೂ ಅಲ್ಲಿಯ ತನಕ ಗೊತ್ತಾಗಿರಲಿಲ್ಲ. ಯಾರಾದರೂ ಏನಾದರೂ ಅನ್ನಲಿ ಎಂದು ಸೆರಗು ಹಿಂಡುತ್ತ ಕೂತೆ.

ನ್ಯಾಯಮೂರ್ತಿಗಳು ಕೇಳಿದರು. ದೌಲತ್ ಹೇಳಿದ, ಗೋ ಅರೌಂಡ್ ಎನ್ನಬೇಕೆಂದಿದ್ದೆ ಎಂದು.

"ಮತ್ತೆ ಹೇಳಲಿಲ್ಲವೇಕೆ? ಯಾರಾದರೂ ತಡೆದರೇ?"

ಈಗ ಹೇಳುತ್ತಾನೆ ಎಂದು ನಾನು ಮುಂದಕ್ಕೆ ಬಾಗಿದೆ.

"ಯಾರೂ ತಡೆಯಲಿಲ್ಲ," ಎಂದ. "ಹೇಳಬಹುದಾಗಿತ್ತು. ನನ್ನ ಮುಂದೆಯೂ ಅದೇ ಹಿಡಿಕೆ ಇತ್ತು, ನಾನೇ ಎತ್ತಬಹುದಾಗಿತ್ತು. ಸರ್ ಅಂದು ಕಾಯ್ತಾ ಕೂತೆ."

"ಏತಕ್ಕೆ ಕಾಯ್ತಿದ್ದಿರಿ?"

"ಏನು ಅಂತ ಅವರು ಕೇಳಲಿ ಅಂತ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಒಬ್ಬರು ನಕ್ಕದ್ದಕ್ಕೆ ಇನ್ನಿಬ್ಬರು ನಕ್ಕರು. ಪೇಪರಿನವನೊಬ್ಬ ತಲೆ ತಗ್ಗಿಸಿ ಬರೆದುಕೊಂಡ. ನನ್ನ ತಮ್ಮ ಕಟಕಟೆಯಲ್ಲಿ ಕೆಂಪಾಗಿ ನಿಂತಿದ್ದ. ಮನೆಯ ಹೆಸರು ತೆಗೆಯಲಿಲ್ಲ, ಅಪ್ಪಾರ ಹೆಸರು ತೆಗೆಯಲಿಲ್ಲ, ನನ್ನ ಹೆಸರು ತೆಗೆಯಲಿಲ್ಲ. ಎದ್ದು ನಿಂತು, ಅದು ನನ್ನ ತಪ್ಪು, ನಾನೇ ಕಲಿಸಿದ್ದು ಎಂದು ಕೂಗಬೇಕು ಎನ್ನಿಸಿತು. ಎದ್ದೂ ಬಿಟ್ಟಿದ್ದೆ.

ಅಷ್ಟರಲ್ಲಿ ಮೊದಲ ಸಾಲಿನಲ್ಲಿ ಸಬ್ನಿಸರು ಎದ್ದರು. ಅವರ ವಕೀಲ ಕೋಟಿನ ತುದಿ ಹಿಡಿದು ಕೂಡಿಸಲು ನೋಡಿದ, ಅವರು ಬಿಡಿಸಿಕೊಂಡರು. ನ್ಯಾಯಮೂರ್ತಿಗಳ ಕಡೆ ನೋಡಲಿಲ್ಲ, ನಕ್ಕವರ ಕಡೆ ತಿರುಗಿದರು.

"ನಗಬೇಡಿ," ಎಂದರು. "ಏನು ಅಂತ ನಾನು ಕೇಳಬೇಕಾಗಿತ್ತು."